ಗಂಧದ ಗಿಡ ನೆಡುವ ಮುನ್ನ ನೆಲವನ್ನೂ ಮಳೆಯನ್ನೂ ಓದುವ ಬಗೆ

ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್ ದಾರಿ. ಇಷ್ಟು ದೂರ ಇಳಿಯುವಷ್ಟರಲ್ಲಿ ವರ್ಷದ ಮಳೆ 3,000 ಮಿಲಿಮೀಟರಿಗೂ ಮೇಲಿನ ಮಟ್ಟದಿಂದ ಅದರ ಮೂರನೆಯ ಒಂದು ಪಾಲಿನ ಆಸುಪಾಸಿಗೆ ಬಂದುಬಿಡುತ್ತದೆ. ಮೇಲೆ ತಿಂಗಳುಗಟ್ಟಲೆ ತೊಟ್ಟಿಕ್ಕುವ ದಟ್ಟ ಕಾಡು, ಏಲಕ್ಕಿ ಮತ್ತು ಕಾಫಿ. ಕೆಳಗೆ ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಕುರುಚಲು ಕಾಡು, ನಡುನಡುವೆ ರಾಗಿ, ಜೋಳದ ಹೊಲಗಳು. ಶ್ರೀಗಂಧವು ಯಾರೂ ನೆಡದೆ, ಹಕ್ಕಿ ಉದುರಿಸಿದ ಬೀಜದಿಂದ ತಾನಾಗಿ ಹುಟ್ಟಿ ದೊಡ್ಡದಾಗುವುದು ಈ ಕೆಳಗಿನ, ಪೂರ್ವದ ಅಂಚಿನಲ್ಲಿ. ಒಂದೇ ಜಿಲ್ಲೆಯ ಎರಡು ತುದಿಗಳಲ್ಲಿ ಒಂದು ಅದಕ್ಕೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ, 'ಗಂಧ ಎಲ್ಲಿ ಬೇಕಾದರೂ ಬರುತ್ತದೆ' ಎಂಬ ಸಸಿ ಮಾರಾಟಗಾರರ ಮಾತನ್ನು ಎಷ್ಟು ನಂಬಬೇಕೆಂಬುದು ತಾನಾಗಿ ತಿಳಿಯುತ್ತದೆ.

ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಗಂಧದ ಗಿಡ ಕರಾವಳಿಯ ಹಿತ್ತಲಿನಲ್ಲೂ ಚಿಗುರುತ್ತದೆ, ಬಯಲುಸೀಮೆಯ ಕಲ್ಲುಗುಡ್ಡದಲ್ಲೂ ಬದುಕುತ್ತದೆ. ಆದರೆ ಗಿಡ ಬದುಕುವುದು ಬೇರೆ, ಅದರ ಒಡಲಲ್ಲಿ ಚೇಗು ಕಟ್ಟುವುದು ಬೇರೆ. ಬೆಲೆ ಇರುವುದು ಕಾಂಡದ ಮತ್ತು ಬೇರಿನ ನಡುವಿನ ಆ ಕಂದು ಚೇಗಿಗೆ, ಎಣ್ಣೆ ಇರುವುದೂ ಅಲ್ಲಿಯೇ. ಹೊರಗಿನ ಬಿಳಿ ಮರಕ್ಕೆ ವಾಸನೆಯೇ ಇಲ್ಲ. ಆದ್ದರಿಂದ ಜಮೀನನ್ನು ಪರೀಕ್ಷಿಸುವಾಗ ಎರಡು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಕೇಳಬೇಕು: ಇಲ್ಲಿ ಗಿಡ ಉಳಿದೀತೇ? ಉಳಿದರೆ ಚೇಗು ಕಟ್ಟೀತೇ? ಮೊದಲನೆಯದಕ್ಕೆ ಮುಖ್ಯವಾಗಿ ಮಣ್ಣಿನ ನೀರು ಬಸಿಯುವ ಗುಣ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಮಳೆ, ಎತ್ತರ ಮತ್ತು ಬೇಸಿಗೆಯ ಒಣ ತಿಂಗಳುಗಳು. ಈ ಬರಹ ಆ ಪರೀಕ್ಷೆಯನ್ನು ಕ್ರಮವಾಗಿ ಮಾಡಿಕೊಳ್ಳುವ ಬಗೆಗೆ ಸಂಬಂಧಿಸಿದ್ದು. ಸಸಿ, ಸಬ್ಸಿಡಿ, ಮಾರುಕಟ್ಟೆಯ ವಿಚಾರ ಇಲ್ಲಿಲ್ಲ.

ಮೊದಲು ಮಳೆಯ ಲೆಕ್ಕ

ದೇಶದಲ್ಲಿ ಗಂಧ ಸಹಜವಾಗಿ ಹರಡಿರುವ ಪ್ರದೇಶ ಸುಮಾರು 9,000 ಚದರ ಕಿಲೋಮೀಟರ್ ಎಂದು ಅರಣ್ಯ ಸಾಹಿತ್ಯದಲ್ಲಿ ಲೆಕ್ಕ ಹಾಕಲಾಗಿದೆ. ಅದರಲ್ಲಿ 5,000 ಚದರ ಕಿಲೋಮೀಟರಿಗೂ ಹೆಚ್ಚು ಕರ್ನಾಟಕದಲ್ಲಿದ್ದು, ಉಳಿದುದರಲ್ಲಿ ಬಹುಪಾಲು ತಮಿಳುನಾಡಿನಲ್ಲಿದೆ. ನಕ್ಷೆಯ ಮೇಲೆ ಈ ಪ್ರದೇಶವನ್ನು ಗುರುತಿಸಿದರೆ ಅದು ಪಶ್ಚಿಮಘಟ್ಟದ ಬೆನ್ನಿನ ಪೂರ್ವಕ್ಕೆ, ಮೈಸೂರು ಪ್ರಸ್ಥಭೂಮಿಯ ಮೇಲೆ ಹಾಸಿ, ಮಲೆ ಮಹದೇಶ್ವರ ಬೆಟ್ಟದ ಕಡೆಯಿಂದ ತಮಿಳುನಾಡಿನ ಜವ್ವಾದಿ ಬೆಟ್ಟಗಳವರೆಗೆ ಚಾಚುತ್ತದೆ. ಘಟ್ಟ ತಡೆದ ಮೋಡಗಳಲ್ಲಿ ಅಳಿದುಳಿದ ನೀರು ಬೀಳುವ ಮಳೆನೆರಳಿನ ಸೀಮೆ ಇದು. ಕೇರಳದಲ್ಲಿ ಸಹಜ ಗಂಧದ ಕಾಡಿಗೆ ಹೆಸರಾದ ಊರು ಮರಯೂರು. ಮಳೆಗೆ ಹೆಸರಾದ ಇಡುಕ್ಕಿ ಜಿಲ್ಲೆಯಲ್ಲಿದ್ದರೂ ಅದು ಘಟ್ಟದ ಪೂರ್ವದ ಇಳಿಜಾರಿನ ಮಳೆನೆರಳಿನಲ್ಲಿದೆ. ರಾಜ್ಯದ ಗಡಿ ದಾಟಿದರೂ ಮರ ಹುಡುಕಿಕೊಂಡಿರುವುದು ಅದೇ ಬಗೆಯ ಹವೆಯನ್ನು.

ವರ್ಷಕ್ಕೆ 600ರಿಂದ 1,600 ಮಿಲಿಮೀಟರ್ ಮಳೆ ಬೀಳುವ ಕಡೆ ಗಂಧ ಚೆನ್ನಾಗಿ ಬರುತ್ತದೆ. ಆದರೆ ವರ್ಷದ ಮೊತ್ತವೊಂದನ್ನೇ ನೋಡುವುದು ಸಾಲದು. ದಕ್ಷಿಣದ ಮೈದಾನ ಜಿಲ್ಲೆಗಳಲ್ಲಿ ಭರಣಿ, ಕೃತ್ತಿಕೆಯ ಹೊತ್ತಿಗೆ ಒಂದು ಸುತ್ತು ಮಳೆ ಬಿದ್ದು, ಮುಂಗಾರಿನಲ್ಲಿ ತುಂತುರಾಗಿ ಮುಂದುವರಿದು, ಹಸ್ತ, ಚಿತ್ತೆಯಲ್ಲಿ ಮತ್ತೊಮ್ಮೆ ಜೋರಾಗುತ್ತದೆ. ಹೀಗೆ ಏಪ್ರಿಲ್ ಕೊನೆಯಿಂದ ನವೆಂಬರ್‌ವರೆಗೆ ಹಂಚಿಹೋದ 800 ಮಿಲಿಮೀಟರ್ ಮಳೆ ಎಳೆಯ ಗಿಡದ ಬೇರನ್ನು ತಂಪಾಗಿಡುತ್ತದೆ. ಅದರ ನಂತರ ಬರುವ ಮೂರು ನಾಲ್ಕು ಒಣ ತಿಂಗಳು ಬೆಳವಣಿಗೆಗೆ ಕಡಿವಾಣ ಹಾಕುತ್ತವೆ. ಅದೇ 800 ಮಿಲಿಮೀಟರ್ ಎರಡೇ ತಿಂಗಳಿನಲ್ಲಿ ಸುರಿದು ಹೋದರೆ ಮಣ್ಣು ಮೊದಲು ಕೆಸರಾಗಿ, ಆಮೇಲೆ ಬಿರುಕಾಗಿ, ಗಿಡಕ್ಕೆ ಎರಡೂ ಕಾಲದಲ್ಲಿ ತೊಂದರೆಯಾಗುತ್ತದೆ.

ನಿಮ್ಮ ಊರಿನ ಲೆಕ್ಕ ತೆಗೆಯಲು ಹೋಬಳಿ ಮಳೆಮಾಪನ ಕೇಂದ್ರದ ದಾಖಲೆ ಸಾಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳನ್ನು ಇಟ್ಟಿದೆ. ಸಿಕ್ಕಷ್ಟು ವರ್ಷಗಳ ತಿಂಗಳುವಾರು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿ ವರ್ಷದಲ್ಲಿ ಮಳೆಯೇ ಇಲ್ಲದ, ಅಥವಾ 25 ಮಿಲಿಮೀಟರಿಗಿಂತ ಕಡಿಮೆ ಬಿದ್ದ ತಿಂಗಳುಗಳು ಎಷ್ಟೆಂದು ಎಣಿಸಿ. ಈ 25 ಎಂಬುದು ಶಾಸ್ತ್ರದ ಗೆರೆಯಲ್ಲ, ಎಣಿಕೆಯ ಅನುಕೂಲಕ್ಕೆ ನಾನು ಇಟ್ಟುಕೊಂಡದ್ದು. ಅಂಥ ತಿಂಗಳು ಮೂರರಿಂದ ಐದು ಇದ್ದರೆ ನಿಶ್ಚಿಂತೆ. ಆರೇಳು ಇದ್ದರೆ ಮೊದಲ ಎರಡು ಮೂರು ಬೇಸಿಗೆಯಲ್ಲಿ ನೀರು ಕೊಟ್ಟು ಕಾಪಾಡುವ ಸಿದ್ಧತೆ ಬೇಕು. ಆದರೆ ವರ್ಷದ ಮಳೆ 2,500 ಮಿಲಿಮೀಟರ್ ದಾಟುವ ಜಾಗವಾದರೆ, ಒಣ ತಿಂಗಳು ಎಷ್ಟೇ ಇರಲಿ, ಗಿಡ ಹಸಿರಾಗಿ ಏರಿದರೂ ಚೇಗಿನ ಆಸೆಯನ್ನು ಕಡಿಮೆ ಮಾಡಿಕೊಳ್ಳುವುದೇ ಲೇಸು. ಕರಾವಳಿಯವರು ಮತ್ತು ಅಪ್ಪಟ ಮಲೆನಾಡಿನವರು ಇಲ್ಲಿ ಬೇಸರಿಸಬೇಕಾಗಿಲ್ಲ. ಅವರ ನೆಲಕ್ಕೆ ಒಪ್ಪುವ ಮುರುಗಲು, ಉಪ್ಪಾಗೆಯಂಥ ಮರಗಳು ಬಯಲುಸೀಮೆಯವರಿಗೆ ದಕ್ಕುವುದಿಲ್ಲ.

ಎತ್ತರದ ವಿಷಯ ಚಿಕ್ಕದು. ಸಮುದ್ರಮಟ್ಟದಿಂದ 600ರಿಂದ 1,050 ಮೀಟರ್ ಎತ್ತರದಲ್ಲಿ ಚೇಗು ಚೆನ್ನಾಗಿ ಕಟ್ಟುತ್ತದೆಂಬುದು ಅರಣ್ಯಜ್ಞರ ಬಹುಕಾಲದ ಅನುಭವ. ಮೈಸೂರು ಸುಮಾರು 760 ಮೀಟರ್, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಹಳೆ ಮೈಸೂರು ಸೀಮೆಯ ಬಹುಭಾಗ ಈ ಅಳತೆಯೊಳಗೇ ಬರುತ್ತದೆ. ಹಗಲಿನ ಕಾವು 35 ಡಿಗ್ರಿಯ ಆಚೆ ವಾರಗಟ್ಟಲೆ ನಿಲ್ಲುವ ತಗ್ಗಿನ ಬಯಲುಗಳಲ್ಲಿ ಎಳೆಯ ಗಿಡಕ್ಕೆ ಪಡುವಣ ದಿಕ್ಕಿನ ನೆರಳು ಕಡ್ಡಾಯ ಎಂದುಕೊಳ್ಳಿ.

ಮಣ್ಣನ್ನು ಅಗೆದು ನೋಡುವುದು

ಮೇಲ್ಮಣ್ಣಿನ ಬಣ್ಣ ನೋಡಿ ತೀರ್ಮಾನಿಸುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಗಂಧದ ಮಟ್ಟಿಗೆ ಅದು ಅರ್ಧ ಸತ್ಯ. ಕೆಂಪು ಮಣ್ಣು ಈ ಮರಕ್ಕೆ ಒಗ್ಗುವುದು ಕೆಂಪಾಗಿರುವುದರಿಂದಲ್ಲ. ಕಣಶಿಲೆ (ಗ್ರಾನೈಟ್) ಮತ್ತು ಅದರ ಬಳಗದ ಕಲ್ಲುಗಳು ಶಿಥಿಲವಾಗಿ ಹುಟ್ಟಿದ ಈ ಮಣ್ಣಿನ ಜೇಡಿ, ನೀರು ಕುಡಿದಾಗ ಅಷ್ಟಾಗಿ ಉಬ್ಬುವುದಿಲ್ಲ. ಕಣಗಳ ನಡುವಿನ ಸಂದುಗಳು ತೆರೆದೇ ಇರುತ್ತವೆ. ಹೆಚ್ಚಾದ ನೀರು ಕೆಳಗಿಳಿದು ಬೇರಿಗೆ ಗಾಳಿ ಸಿಗುತ್ತದೆ. ಗಂಧಕ್ಕೆ ಬೇಕಾದದ್ದು ಈ ಗಾಳಿ. ಕೆಂಪು ಮಣ್ಣೇ ಆದರೂ ಎರಡಡಿ ಕೆಳಗೆ ಗಟ್ಟಿ ಜೇಡಿಯ ಹಾಸು ಇದ್ದರೆ ಅದು ಗಂಧಕ್ಕೆ ಕೆಟ್ಟ ನೆಲ. ಮೇಲೆ ಬೂದುಬಣ್ಣದ ಕಳಪೆ ಮರಳು ಕಂಡರೂ ಕೆಳಗೆ ಬೆಣಚುಕಲ್ಲಿನ ಗರಸು ಇದ್ದರೆ ಅದು ಒಳ್ಳೆಯ ನೆಲ.

ಆದುದರಿಂದ ಹಾರೆ ಹಿಡಿಯಲೇಬೇಕು. ಎಕರೆಗೆ ಎರಡು ಕಡೆ, ಒಂದು ಜಮೀನಿನ ಎತ್ತರದ ಮೂಲೆಯಲ್ಲಿ, ಇನ್ನೊಂದು ತಗ್ಗಿನಲ್ಲಿ, ಮೂರಡಿ ಆಳದ ಗುಂಡಿ ತೆಗೆಯಿರಿ. ಗುಂಡಿಯ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಮಣ್ಣು ಎಲ್ಲೆಲ್ಲಿ ಬದಲಾಗುತ್ತದೆಂದು ಗುರುತು ಹಾಕಿ. ಪ್ರತಿ ಪದರದಿಂದ ಒಂದು ಹಿಡಿ ಮಣ್ಣು ತೆಗೆದು, ಕಲ್ಲು ಆರಿಸಿ, ಚಪಾತಿ ಹಿಟ್ಟಿನ ಹದಕ್ಕೆ ನೀರು ಹಾಕಿ ಕಲಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತಾ ಪಟ್ಟಿಯಂತೆ ಹೊರಡಿಸಿ. ಪಟ್ಟಿ ಒಂದು ಅಂಗುಲಕ್ಕೆ ಮುನ್ನವೇ ತುಂಡಾದರೆ ಅದು ಮರಳು ಬೆರೆತ ಹಗುರ ಮಣ್ಣು. ಒಂದರಿಂದ ಎರಡು ಅಂಗುಲ ಬಂದರೆ ಮಧ್ಯಮ. ಎರಡು ಅಂಗುಲ ಮೀರಿ ಹೊಳಪಿನ ಪಟ್ಟಿಯಾಗಿ ಜೋತುಬಿದ್ದರೆ ಭಾರಿ ಜೇಡಿ. ಗುಂಡಿಯ ತಳದಲ್ಲಿ ಬೂದು ಬಣ್ಣದ ಮಣ್ಣಿನೊಳಗೆ ತುಕ್ಕಿನಂಥ ಕಲೆಗಳು ಕಂಡರೆ, ಬೇಸಿಗೆಯಲ್ಲಿ ಎಷ್ಟೇ ಒಣಗಿ ಕಾಣಲಿ, ಆ ಪದರ ವರ್ಷದಲ್ಲಿ ಕೆಲವು ಕಾಲ ನೀರಿನಲ್ಲಿ ಮುಳುಗಿರುತ್ತದೆ ಎಂದೇ ಅರ್ಥ. ಈ ಒಂದು ಗುರುತು ಹತ್ತು ಸಲಹೆಗಾರರಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಆಮೇಲೆ ನೀರಿನ ಪರೀಕ್ಷೆ. ಒಂದಡಿ ಅಗಲ, ಎರಡಡಿ ಆಳದ ಬೇರೊಂದು ಗುಂಡಿ ತೆಗೆದು, ಸಂಜೆ ಕಂಠಮಟ್ಟ ನೀರು ತುಂಬಿ ರಾತ್ರಿಯಿಡೀ ಬಿಡಿ. ಸುತ್ತಲಿನ ಒಣ ಮಣ್ಣು ನೀರು ಕುಡಿದು ತಣಿಯಲೆಂದು ಈ ಮೊದಲ ತುಂಬು. ಬೆಳಿಗ್ಗೆ ಮತ್ತೆ ಒಂದಡಿ ನೀರು ನಿಲ್ಲಿಸಿ, ಅಳತೆಪಟ್ಟಿ ಊರಿ, ಗಂಟೆಗೊಮ್ಮೆ ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ಗಂಟೆಗೆ ಒಂದು ಅಂಗುಲಕ್ಕೂ ಹೆಚ್ಚು ಇಳಿದರೆ ಗಂಧಕ್ಕೆ ಸಾಕಷ್ಟು ಬಸಿಯುವ ನೆಲ. ಅರ್ಧ ಅಂಗುಲವೂ ಇಳಿಯದಿದ್ದರೆ ಏರುಮಡಿ, ಬಸಿಗಾಲುವೆ ಮಾಡದೆ ಅಲ್ಲಿ ನೆಡುವುದು ಬೇಡ. ಸಂಜೆಯವರೆಗೂ ನೀರು ಹಾಗೆಯೇ ನಿಂತಿದ್ದರೆ ಆ ತುಂಡನ್ನು ಬಿಟ್ಟುಬಿಡಿ. ಈ ಪರೀಕ್ಷೆಯನ್ನು ಮಳೆಗಾಲದ ಮಧ್ಯದಲ್ಲಿ ಮಾಡಿದರೆ ಫಲಿತಾಂಶ ಇನ್ನೂ ನಿಖರ, ಏಕೆಂದರೆ ಗಿಡ ಸಾಯುವುದು ಆ ಕಾಲದಲ್ಲಿ.

ರಸಸಾರ (ಪಿಎಚ್) ಮತ್ತು ಉಪ್ಪಿನಂಶವನ್ನು ಮಾತ್ರ ಕೃಷಿ ವಿಜ್ಞಾನ ಕೇಂದ್ರದ ಪ್ರಯೋಗಾಲಯದಲ್ಲಿ ತಿಳಿಯಬೇಕು. ಮಾದರಿ ಕೊಡುವಾಗ ಮೇಲಿನ ಅರ್ಧ ಅಡಿಯ ಮಣ್ಣನ್ನಷ್ಟೇ ಅಲ್ಲದೆ ಎರಡಡಿ ಆಳದ ಮಣ್ಣನ್ನೂ ಬೇರೆ ಚೀಲದಲ್ಲಿ ಕೊಡಿ. ಮರದ ಬೇರು ಬೆಳೆಯ ಬೇರಿನಂತೆ ಮೇಲೆಯೇ ನಿಲ್ಲುವುದಿಲ್ಲ. ರಸಸಾರ 6ರಿಂದ 7.5ರ ಒಳಗಿದ್ದರೆ ಅತ್ಯುತ್ತಮ, 8ರವರೆಗೂ ನಡೆಯುತ್ತದೆ. ಸವಳು-ಜವಳು ಭೂಮಿಗೆ ಗಂಧವನ್ನು ಒಯ್ಯಬಾರದು.

ಎರೆಭೂಮಿಯವರ ಪ್ರಶ್ನೆ

ಧಾರವಾಡ, ಗದಗ, ವಿಜಯಪುರದ ಕಡೆಯಿಂದ ಹೆಚ್ಚಾಗಿ ಬರುವ ಪ್ರಶ್ನೆ ಎರೆಮಣ್ಣಿನದು. ಎರೆಯ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಸಂದುಗಳು ಮುಚ್ಚಿಹೋಗುತ್ತವೆ. ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಬೇರೆ ಮರಗಳಿಗೆ ಈ ಬಿರುಕು ಕೆಲವು ಎಳೆಬೇರುಗಳ ನಷ್ಟ ಮಾತ್ರ. ಗಂಧಕ್ಕೆ ಅದು ಅನ್ನದ ದಾರಿಯೇ ಕಡಿದಂತೆ. ಏಕೆಂದರೆ ಗಂಧ ಅರೆಪರಾವಲಂಬಿ: ಎಲೆಯಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ, ಪಕ್ಕದ ಗಿಡದ ಬೇರಿಗೆ ತನ್ನ ಹೀರುಬೇರನ್ನು ಅಂಟಿಸಿ ನೀರನ್ನೂ ಸಾರಜನಕ, ರಂಜಕದಂಥ ಪೋಷಕಗಳನ್ನೂ ಎಳೆದುಕೊಳ್ಳುತ್ತದೆ. ಮಣ್ಣು ಸೀಳಿದಾಗ ಕಾಳಿನಷ್ಟು ಗಾತ್ರದ ಆ ಅಂಟುಗಳು ಕಳಚಿಹೋಗುತ್ತವೆ.

ಹಾಗೆಂದು ಎರೆಯಲ್ಲಿ ಅಸಾಧ್ಯವೆಂದೇನೂ ಅಲ್ಲ. ಆಸ್ಟ್ರೇಲಿಯದ ವಾಯವ್ಯ ಮೂಲೆಯ ಕುನುನುರ್ರಾ ಎಂಬಲ್ಲಿ ಆರ್ಡ್ ನದಿಯ ನೀರಾವರಿಯಡಿ, ಬಿರುಕು ಬಿಡುವ ಭಾರಿ ಜೇಡಿಮಣ್ಣಿನಲ್ಲಿಯೇ ನಮ್ಮ ಶ್ರೀಗಂಧವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದ್ದಾರೆ. ಆದರೆ ಅಲ್ಲಿ ಸಾಲುಗಳನ್ನು ಏರಿಸಿ, ಇಳಿಜಾರನ್ನು ಅಳೆದು ಸಮಗೊಳಿಸಿ, ಬೇಸಿಗೆಯಲ್ಲಿ ಕಾಲುವೆಯಿಂದ ನೀರು ಕೊಡುವ ವ್ಯವಸ್ಥೆಯಿದೆ. ನಮ್ಮ ಎರೆಭೂಮಿಯ ರೈತ ಅದರಿಂದ ಕಲಿಯಬೇಕಾದದ್ದು ಇಷ್ಟು: ಗಿಡವನ್ನು ಗುಂಡಿಯಲ್ಲಿ ನೆಡದೆ ಒಂದೂವರೆ ಎರಡಡಿ ಎತ್ತರದ ಏರಿಯ ಮೇಲೆ ನೆಡಬೇಕು, ಏರಿಯ ಎರಡೂ ಬದಿಯಿಂದ ನೀರು ಹೊರಹೋಗಲು ದಾರಿಯಿರಬೇಕು, ಬೇಸಿಗೆಯಲ್ಲಿ ದಪ್ಪ ಮುಚ್ಚಿಗೆ ಹಾಸಿ ಬಿರುಕು ಬಿಡದಂತೆ ನೋಡಿಕೊಳ್ಳಬೇಕು. ಎರೆಯ ಗುಂಡಿಯನ್ನು ಅಗೆದು ಹೊರಗಿನಿಂದ ತಂದ ಕೆಂಪು ಮಣ್ಣು ತುಂಬುವುದನ್ನು ಹಲವರು ಉಪಾಯವೆಂದು ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಅಪಾಯ: ಸುತ್ತಲಿನ ಜೇಡಿಗೆ ಬಸಿಯುವ ಗುಣವಿಲ್ಲದಿರುವಾಗ ಸಡಿಲ ಮಣ್ಣು ತುಂಬಿದ ಗುಂಡಿ ಮಳೆಗಾಲದಲ್ಲಿ ನೀರಿನ ತೊಟ್ಟಿಯಾಗುತ್ತದೆ. ಅದೇ ಖರ್ಚಿನಲ್ಲಿ ಏರಿ ಹಾಕಿಸುವುದು ಮೇಲು.

ಜಂಬಿಟ್ಟಿಗೆ ಮಣ್ಣಿನ ಮಾತು ಬೇರೆ. ಅದು ನೀರು ಬಸಿಯುತ್ತದೆ, ಆದರೆ ನಮ್ಮಲ್ಲಿ ಬಹುಮಟ್ಟಿಗೆ ಭಾರಿ ಮಳೆಯ ಸೀಮೆಯಲ್ಲಿಯೇ ಇರುವುದರಿಂದ ತೊಡಕು ಮಣ್ಣಿನದಾಗುವ ಮೊದಲು ಮಳೆಯದಾಗುತ್ತದೆ.

ನೆಲದ ಮೇಲಿನ ಸಾಕ್ಷಿಗಳು

ಪ್ರಯೋಗಾಲಯಕ್ಕಿಂತ ಮೊದಲೇ ಉತ್ತರ ಹೇಳುವ ಗಿಡಗಳು ಜಮೀನಿನ ಅಂಚಿನಲ್ಲಿರುತ್ತವೆ. ಬದುವಿನಲ್ಲಿ ತಂಗಡಿ, ಬಂದರಿಕೆ, ಸೀತಾಫಲ, ಕಕ್ಕೆ, ಹತ್ತಿರದ ಗುಡ್ಡದಲ್ಲಿ ದಿಂಡಿಗ ಇದ್ದರೆ ಅದು ಬಸಿಯುವ ಒಣ ನೆಲ. ಗಂಧದ ನೆರೆಹೊರೆಯವರು ಇವರೇ. ಜೊಂಡು, ನೀರುಹುಲ್ಲು, ಹುಲುಸಾಗಿ ಹರಡಿದ ಹೊನಗೊನೆ ಕಂಡರೆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಇಲ್ಲೊಂದು ತಮಾಷೆಯಿದೆ: ನರ್ಸರಿಯಲ್ಲಿ ಗಂಧದ ಸಸಿಯ ಚೀಲದೊಳಗೆ ಜೊತೆಗಿಡವಾಗಿ ಹಾಕುವುದು ಇದೇ ಹೊನಗೊನೆಯ ಬಳಗವನ್ನು. ಚೀಲದಲ್ಲಿ ದಿನವೂ ನೀರು ಹಾಕುವುದರಿಂದ ಎರಡೂ ಬಾಳುತ್ತವೆ. ಆದರೆ ಹೊನಗೊನೆ ತಾನಾಗಿ ಹಾಸಿಕೊಂಡ ಜಾಗವನ್ನು ಕಂಡು 'ಜೊತೆಗಿಡ ಈಗಾಗಲೇ ಇದೆ' ಎಂದು ಹಿಗ್ಗಿ ಅಲ್ಲೇ ಗಂಧ ನೆಟ್ಟರೆ ಒಂದೇ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಸುತ್ತಮುತ್ತ ತಾನಾಗಿ ಹುಟ್ಟಿದ ಗಂಧವೇ. ಕೋಗಿಲೆ, ಪಿಕಳಾರ, ಕುಟ್ರ ಹಕ್ಕಿಗಳು ಕಪ್ಪಗೆ ಮಾಗಿದ ಹಣ್ಣನ್ನು ತಿಂದು ಬೀಜವನ್ನು ಬೇಲಿಯ ಮೇಲೆ, ಪೊದೆಯ ಕೆಳಗೆ ಉದುರಿಸುತ್ತವೆ. ಅಲ್ಲಿ ನೆರಳೂ ಇರುತ್ತದೆ, ಅಂಟಿಕೊಳ್ಳಲು ಬೇರೂ ಸಿಗುತ್ತದೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಲಂಟಾನದ ಮೆಳೆಯೊಳಗೆ ಗಂಧದ ಸಸಿಗಳು ಸಿಗುವುದು ಇದೇ ಕಾರಣದಿಂದ. ಆದರೆ ನಿಮ್ಮೂರಿನಲ್ಲಿ ಗಂಧವೇ ಕಾಣದಿದ್ದರೆ ನೆಲ ಒಗ್ಗುವುದಿಲ್ಲವೆಂದು ದುಡುಕಿ ತೀರ್ಮಾನಿಸಬಾರದು. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಘೋಷಿಸಿದ ಮೇಲೆ, ಯಾರ ಹೊಲದಲ್ಲಿ ಹುಟ್ಟಿದರೂ ಮರ ಸರ್ಕಾರದ್ದು ಎಂಬ ಪದ್ಧತಿ ಎರಡು ಶತಮಾನ ನಡೆಯಿತು. ಜಮೀನುದಾರನಿಗೆ ಮರದ ಒಡೆತನ ಸಿಕ್ಕಿದ್ದು 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾದ ನಂತರ. ಅದಕ್ಕೂ ಮುಂಚೆ, ಹೊಲದಲ್ಲಿ ಗಂಧ ಮೊಳೆತರೆ ತಲೆನೋವೆಂದು ಕಿತ್ತೆಸೆಯುತ್ತಿದ್ದರು. ಅದರ ಮೇಲೆ ಕಳ್ಳರ ಗರಗಸ, ಮತ್ತು ಎಲೆಗಳನ್ನು ಸಣ್ಣಗೆ ಮೊನಚಾಗಿಸಿ ಮರವನ್ನು ಒಣಗಿಸುವ ಸ್ಪೈಕ್ ರೋಗ. ಈ ರೋಗವನ್ನು 1899ರಲ್ಲಿ ಮೊದಲು ಗುರುತಿಸಿದ್ದು ಕೊಡಗಿನಲ್ಲಿಯೇ. ಹೀಗಾಗಿ ಇಂದು ಮರ ಇಲ್ಲದ ಎಷ್ಟೋ ಕಡೆ ಮಣ್ಣಿನ ತಪ್ಪೇನೂ ಇಲ್ಲ. ಅಂಥಲ್ಲಿ ಊರಿನ ಹಿರಿಯರನ್ನು ವಿಚಾರಿಸಿ, ಮೇಲೆ ಹೇಳಿದ ತಂಗಡಿ, ಬಂದರಿಕೆಯಂಥ ನೆರೆಹೊರೆಯ ಗಿಡಗಳನ್ನು ನೋಡಿ ತೀರ್ಮಾನಿಸಬೇಕು.

ಫಲವತ್ತಾದ ನೆಲ ಬೇಕೆ?

ಗಂಧದ ವಿಷಯದಲ್ಲಿ ರೈತನ ಸಹಜ ಬುದ್ಧಿ ಅವನನ್ನು ತಪ್ಪು ದಾರಿಗೆ ಎಳೆಯುವುದು ಇಲ್ಲಿ. ಒಳ್ಳೆಯ ಮರಕ್ಕೆ ಒಳ್ಳೆಯ ಭೂಮಿ ಕೊಡಬೇಕೆಂದು, ತೋಟದ ಪಕ್ಕದ ಗೋಡುಮಣ್ಣಿನ ತುಂಡನ್ನು ಆರಿಸಿ, ಹನಿ ನೀರಾವರಿ ಹಾಕಿ, ಗೊಬ್ಬರ ಉಣಿಸುತ್ತಾನೆ. ಮರ ಬೇಗ ದಪ್ಪವಾಗುತ್ತದೆ. ಆದರೆ ಚೇಗು ಅದೇ ವೇಗದಲ್ಲಿ ಹಿಂಬಾಲಿಸುವುದಿಲ್ಲ. ಕಲ್ಲು, ಗರಸು ತುಂಬಿದ ತೆಳು ಮಣ್ಣಿನಲ್ಲಿ ನಿಧಾನವಾಗಿ ಬೆಳೆದ ಮರದಲ್ಲಿ ಹೆಚ್ಚು ಪರಿಮಳದ ಚೇಗು ಸಿಗುತ್ತದೆಂಬುದು ಗಂಧ ಕಡಿಯುವವರಿಗೆ ಹಿಂದಿನಿಂದಲೂ ಗೊತ್ತಿರುವ ಸಂಗತಿ. ಕಾಡಿನಲ್ಲಿ ಗಂಧದ ಸುತ್ತಳತೆ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಏರಿದರೆ ಹೆಚ್ಚು. ಆದ್ದರಿಂದ ನಿಮ್ಮ ಬಳಿ ಎರಡು ತುಂಡು ಭೂಮಿಯಿದ್ದರೆ, ಅಡಿಕೆ, ತೆಂಗು, ತರಕಾರಿಗೆ ಯೋಗ್ಯವಾದುದನ್ನು ಅವಕ್ಕೇ ಬಿಟ್ಟು, ರಾಗಿಯೂ ಸರಿಯಾಗಿ ಬಾರದ ಇಳಿಜಾರಿನ ಗರಸು ತುಂಡನ್ನು ಗಂಧಕ್ಕೆ ಕೊಡಿ. ನೀರಾವರಿ ಇದ್ದರೂ ಮೊದಲ ಎರಡು ಮೂರು ಬೇಸಿಗೆ ಗಿಡವನ್ನು ದಾಟಿಸಲು ಮಾತ್ರ ಬಳಸಿ, ಆಮೇಲೆ ಮೆಲ್ಲನೆ ಕಡಿಮೆ ಮಾಡಿ.

ಹಾಗಾದರೆ ಬಡ ಮಣ್ಣಿನಲ್ಲಿ ಸಾರಜನಕ ಎಲ್ಲಿಂದ ಬರಬೇಕು? ಗಂಧ ತನ್ನ ಹೀರುಬೇರು ಅಂಟಿಸಿಕೊಳ್ಳುವ ಪಕ್ಕದ ಗಿಡದಿಂದ, ಅಂದರೆ ಆಸರೆ ಗಿಡದಿಂದ. ಮೊದಲ ಎರಡು ವರ್ಷಕ್ಕೆ ತೊಗರಿ, ಅದರ ಬೆನ್ನಿಗೇ ಹೊಂಗೆ ಅಥವಾ ಸರ್ವೆಯಂಥ ಬಹುಕಾಲದ ಆಸರೆ ಇರಲಿ. ಇವೆಲ್ಲ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುವ ಗಿಡಗಳು. ಆದರೆ ಆಸರೆಯೂ ಆ ಮಣ್ಣಿಗೆ ಒಗ್ಗಬೇಕು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಮರಳು ಮಿಶ್ರಿತ ನೆಲಕ್ಕೆ ಸರ್ವೆ, ಕೆಂಪು ಗರಸಿಗೆ ಹೊಂಗೆ ಮತ್ತು ನೆಲ್ಲಿ, ಎರೆಯ ಏರಿಗೆ ಬೇವು, ಜಾಲಿ ಸೂಕ್ತ. ಆಸರೆಯನ್ನು ಗಂಧದ ಪಡುವಣ ಮಗ್ಗುಲಿಗೆ ನೆಟ್ಟರೆ ಮಧ್ಯಾಹ್ನದ ಬಿಸಿಲಿಗೆ ನೆರಳೂ ಆಗುತ್ತದೆ. ಗಂಧ ಅದನ್ನು ಮೀರಿ ಬೆಳೆದ ಮೇಲೆ ಅದಕ್ಕೆ ಪೂರ್ತಿ ಬಿಸಿಲು ಬೇಕು. ಆಗ ಆಸರೆಯ ರೆಂಬೆ ಸವರುವುದನ್ನು ತಪ್ಪಿಸಬಾರದು.

ಆಯ್ಕೆ ಸರಿಯೋ ತಪ್ಪೋ ಎಂಬ ಮೊದಲ ಸೂಚನೆ ಎರಡನೆಯ ಮಳೆಗಾಲ ಮುಗಿದಾಗ ಸಿಗುತ್ತದೆ. ತಗ್ಗಿನ ಸಾಲಿನ ಗಿಡಗಳು ಮಾತ್ರ ಹಳದಿಯಾಗಿ ತುದಿಯಿಂದ ಒಣಗುತ್ತಿದ್ದರೆ ಅದು ನೀರು ನಿಂತ ಲಕ್ಷಣ. ಅಲ್ಲಿ ಸತ್ತ ಗಿಡದ ಜಾಗಕ್ಕೆ ಮತ್ತೆ ಗಂಧವನ್ನೇ ತರದೆ ಬಸಿಗಾಲುವೆ ತೆಗೆಯಿರಿ. ಎಲ್ಲ ಸಾಲಿನಲ್ಲೂ ಅಲ್ಲೊಂದು ಇಲ್ಲೊಂದು ಗಿಡ ಮಂಕಾಗಿದ್ದರೆ ಆಸರೆಯ ಬೇರು ಸಿಕ್ಕಿಲ್ಲವೆಂದು ತಿಳಿದು, ಆ ಗಿಡಗಳ ಬುಡದ ಒಂದಡಿ ದೂರದಲ್ಲಿ ಮತ್ತೆ ತೊಗರಿ ಹಾಕಿ. ಚೇಗಿನ ಉತ್ತರಕ್ಕೆ ಮಾತ್ರ ಹತ್ತು ಹನ್ನೆರಡು ವರ್ಷ ಕಾಯಲೇಬೇಕು. ಆಗ ಜಮೀನಿನ ಎತ್ತರದಲ್ಲೊಂದು, ತಗ್ಗಿನಲ್ಲೊಂದು ಮರವನ್ನು ಆರಿಸಿ, ತಿಳಿದವರಿಂದ ಕಾಂಡಕ್ಕೆ ಸಣ್ಣ ಕೊರೆಗೊಳವೆ ಹಾಕಿಸಿ, ಹೊರಬಂದ ಕಡ್ಡಿಯಲ್ಲಿ ಬಿಳಿ ಎಲ್ಲಿ ಮುಗಿದು ಕಂದು ಎಲ್ಲಿ ಶುರುವಾಗುತ್ತದೆಂದು ಅಳೆದು, ನೀವು ಅಂದು ಗುಂಡಿಯ ಗೋಡೆಯಲ್ಲಿ ಗುರುತಿಸಿದ ಪದರಗಳ ಲೆಕ್ಕದ ಪಕ್ಕದಲ್ಲಿ ಬರೆದಿಡಿ. ಕೊರೆದ ರಂಧ್ರವನ್ನು ಅದೇ ದಿನ ಮೇಣದಿಂದ ಮುಚ್ಚಿಸಿ.